ಬೀದರಿನ ಉದ್ಯಾನ ಪರಂಪರೆಯೂ ಅರೆನೆರಳಿನ ನಾಡಗಿಡಗಳೂ

ಬೀದರಿನ ಇತಿಹಾಸವೆಂದೊಡನೆ ನಮ್ಮ ವಿದ್ಯಾರ್ಥಿಗಳು ಕೋಟೆಯನ್ನೂ, ಮಹಮೂದ್ ಗವಾನನ ಮದರಸೆಯನ್ನೂ, ಅಷ್ಟೂರಿನ ಗುಮ್ಮಟಗಳನ್ನೂ ನೆನೆಯುವರು. ಕಲ್ಲು ಗಾರೆಗಳ ಈ ಚರಿತ್ರೆಯ ಬದಿಯಲ್ಲಿಯೇ ನೀರು, ನೆರಳು, ಗಿಡಗಳ ಚರಿತ್ರೆಯೊಂದುಂಟು. ಬೀದರಿನ ತೋಟಗಳ ರೇಖಾವಿನ್ಯಾಸವು ಹೊರನಾಡಿನಿಂದ ಬಂದುದಾದರೂ, ಅವುಗಳಿಗೆ ಜೀವಕೊಟ್ಟುದು ಈ ನೆಲದ ನೀರು ಮತ್ತು ನೆರಳು. ಹಳೆಯ ತೋಟಗಳನ್ನು ಮತ್ತೆ ಬೆಳೆಸುವವರು ವಿನ್ಯಾಸವನ್ನು ಮಾತ್ರ ಅನುಕರಿಸಿದರೆ ಹುಲ್ಲುಹಾಸು ದೊರೆಯುವುದು, ಜೇನು ದೊರೆಯದು. ಈ ಮಾತನ್ನು ಸಮರ್ಥಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ಸೀಮೆಯ ಉದ್ಯಾನವಿದ್ಯೆಯು ಬಹಮನಿಗಳಿಂದ ಆರಂಭವಾದುದಲ್ಲ. ಕ್ರಿ.ಶ. 1025ರಲ್ಲಿ ಚಾವುಂಡರಾಯನು ರಚಿಸಿದ ಕನ್ನಡದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದವೂ ಅಂತರ್ಜಲ ಶೋಧನೆಯೂ ಸೇರಿವೆ. ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ವನಕ್ರೀಡೆಯ ಸಂದರ್ಭದಲ್ಲಿ ಗಿಡಮರಗಳ ಪೋಷಣೆಯನ್ನು ವಿವರಿಸಿತು. ಆ ಕಲ್ಯಾಣವೇ ಇಂದಿನ ಬಸವಕಲ್ಯಾಣ. ಅದು ಬೀದರ್ ಜಿಲ್ಲೆಯಲ್ಲಿಯೇ ಇದೆ.

ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ಅಹಮದ್ ಷಾ (1422–1436) ಬಹಮನಿ ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಿಗೆ ಸಾಗಿಸಿದನು. ನಗರವು ಜಂಬಿಟ್ಟಿಗೆಯ ಎತ್ತರದ ಬಯಲಿನ ಮೇಲಿದೆ. ಮಳೆಯ ನೀರು ಸಚ್ಛಿದ್ರವಾದ ಈ ಕಲ್ಲಿನಲ್ಲಿ ಇಳಿದು, ಅಡಿಯಲ್ಲಿರುವ ಗಟ್ಟಿಯಾದ ಕಪ್ಪುಶಿಲೆಯನ್ನು ಮುಟ್ಟಿ ನಿಂತು, ಬಯಲಿನ ಅಂಚುಗಳಲ್ಲಿ ಝರಿಯಾಗಿ ಹೊಮ್ಮುವುದು. ನರಸಿಂಹ ಝರಣಿ, ಪಾಪನಾಶ, ನಾನಕ್ ಝೀರಾ ಇವು ಪ್ರಸಿದ್ಧವಾದ ನೀರಿನ ತಾಣಗಳು. ಈ ಗುಣವನ್ನು ಅರಿತೇ ನೌಬಾದಿನ ಸುರಂಗಬಾವಿಯನ್ನು ಅಗೆಯಲಾಯಿತು. ಇರಾನಿನ ಕಾರೇಜಿನ ಮಾದರಿಯ ಈ ಕಾಲುವೆಯು ನೆಲದಡಿಯಲ್ಲಿ ಇಳಿಜಾರಿಗೆ ಅನುಸಾರವಾಗಿ ಹರಿಯುವುದು. ಗಾಳಿಗೂ ದುರಸ್ತಿಗೂ ಅಲ್ಲಲ್ಲಿ ಮೇಲಿನಿಂದ ಬಾವಿಗಳನ್ನು ಇಳಿಸಲಾಗಿದೆ. ನೀರು ಇಲ್ಲಿ ದುರ್ಲಭವಲ್ಲ, ಮಿತವ್ಯಯವನ್ನು ಬೇಡುವ ವಸ್ತು ಎಂಬುದನ್ನು ಆ ನಿರ್ಮಾಪಕರು ತಿಳಿದಿದ್ದರು.

ಕೋಟೆಯೊಳಗಿನ ಲಾಲ್ ಬಾಗ್, ಕ್ರಿ.ಶ. 1577ರಲ್ಲಿ ಮುಗಿದ ಅಲಿ ಬರೀದನ ಸಮಾಧಿಯ ಸುತ್ತಲಿನ ಚತುರ್ಭಾಗದ ತೋಟ, ಇವು ಈ ಪರಂಪರೆಯ ಎರಡು ಉದಾಹರಣೆಗಳು. ಇಂತಹ ಸ್ಮಾರಕಗಳ ಸುತ್ತ ವಿಶಾಲವಾದ ಹುಲ್ಲುಹಾಸನ್ನು ಹರಡುವ ಪದ್ಧತಿಯಾದರೋ ಬಹಳ ಈಚಿನದು. ಲಾರ್ಡ್ ಕರ್ಜನ್ನನ ಕಾಲದಲ್ಲಿ (1899–1905) ಅದು ಭಾರತದಲ್ಲಿ ಪ್ರಬಲವಾಯಿತು. ಇಂದು ನಾವು ದೇಶೀಯವೆಂದೇ ಭಾವಿಸುವ ಚೆಂಡುಹೂವು ಅಮೆರಿಕಾ ಖಂಡದ ಗಿಡ. ಗವಾನನು ಮಡಿದ 1481ರ ವೇಳೆಗೆ ಅದು ಭಾರತವನ್ನು ತಲುಪಿರಲು ಸಾಧ್ಯವೇ ಇಲ್ಲ. ಬೇಲಿಗಳನ್ನು ಆಕ್ರಮಿಸಿರುವ ಲಂಟಾನವೂ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಮೂಲಕ ಬಂದ ಅತಿಥಿ.

ಹಾಗಾದರೆ ಬೇವು, ಹೊಂಗೆ, ನೇರಳೆಗಳ ಅರೆನೆರಳಿನಲ್ಲಿ ನೆಡತಕ್ಕವು ಯಾವುವು? ನಮ್ಮ ನಾಡಿನ ಬಹುವಾರ್ಷಿಕ ಗಿಡಗಳು ವರ್ಷದ ಬಹುಭಾಗವನ್ನು ತಮ್ಮತಮ್ಮಲ್ಲಿ ಹಂಚಿಕೊಂಡಂತೆ ಹೂಬಿಡುತ್ತವೆ. ಮಳೆಗಾಲದಲ್ಲಿ ಗೌರಿಹೂವಿನ ಬಳ್ಳಿ ಅರಳಿ ಚಿಟ್ಟೆಗಳನ್ನು ಕರೆಯುವುದು. ಅದರ ಗಡ್ಡೆ ವಿಷವಾದುದರಿಂದ ಮಕ್ಕಳ ಕೈಗೆ ಎಟುಕದಂತೆ ನೆಡಬೇಕು. ಮಳೆ ಹಿಂದೆಗೆಯುವಾಗ ಶತಾವರಿಯ ಸಣ್ಣ ಬಿಳಿಯ ಹೂಗಳಿಗೆ ಜೇನುಹುಳುಗಳು ಮುತ್ತುವುವು. ಅನಂತರ ಚಳಿಗಾಲದುದ್ದಕ್ಕೂ ಮುಳ್ಳುಗೋರಂಟೆಯೂ ಚಿತ್ರಮೂಲವೂ ಇರುವುವು. ಚಳಿಗಾಲದಿಂದ ಬೇಸಗೆಯ ಆರಂಭದವರೆಗೆ ಆಡುಸೋಗೆಯು ದೊಡ್ಡ ಕರಿದುಂಬಿಗಳಿಗೆ ಮಕರಂದವನ್ನು ನೀಡುವುದು. ನಮ್ಮ ಹೆಣ್ಣುಮಕ್ಕಳು ಮುಡಿಯುವ ಕನಕಾಂಬರವೂ ಇದೇ ಕುಲದ್ದು. ಅರೆನೆರಳು ಅದಕ್ಕೆ ಹಿತ. ಬೇಸಗೆಯಲ್ಲಿ ಬೇವು ಹೊಂಗೆಗಳೇ ಹೂವಿನ ಉಗ್ರಾಣ.

ಈ ವಿಷಯವು ನಗರದ ಉದ್ಯಾನಗಳಿಗಿಂತಲೂ ಭಾಲ್ಕಿ, ಔರಾದ ತಾಲ್ಲೂಕುಗಳ ಹೊಲಗಳಿಗೆ ಹೆಚ್ಚು ಸಂಬಂಧಿಸಿದುದು. ಅಲ್ಲಿನ ಕರಿಮಣ್ಣಿನಲ್ಲಿ ತೊಗರಿ, ಕಡಲೆ, ಉದ್ದುಗಳು ಬೆಳೆಯುತ್ತವೆ. ಈಚಿನ ದಶಕಗಳಲ್ಲಿ ಸೋಯಾ ವಿಸ್ತಾರವಾಗಿ ಹಬ್ಬಿದೆ. ತೊಗರಿಯು ಸ್ವಕೀಯ ಪರಾಗಸ್ಪರ್ಶದಿಂದಲೂ ಕಾಯಿ ಕಟ್ಟಬಲ್ಲದಾದರೂ ದುಂಬಿಗಳಿಂದ ಪರಕೀಯ ಪರಾಗಸ್ಪರ್ಶವೂ ಗಣನೀಯವಾಗಿ ನಡೆಯುವುದು. ಕುಂಬಳ, ಹೀರೆ, ಸೌತೆಗಳಿಗಂತೂ ಕೀಟಗಳು ಬಾರದಿದ್ದರೆ ಕಾಯಿಯೇ ಇಲ್ಲ. ಎಳ್ಳ ಅಮಾವಾಸ್ಯೆಯ ಚರಗ ಚೆಲ್ಲಿ, ಸುಗ್ಗಿ ಮುಗಿದ ಮೇಲೆ ಹೊಲ ಬರಿದಾಗುವುದು. ಮೃಗಶಿರೆಯ ಮಳೆಯವರೆಗೆ ಈ ಕೀಟಗಳು ಎಲ್ಲಿ ಬದುಕಬೇಕು? ಒಂಟಿಯಾಗಿ ಗೂಡು ಕಟ್ಟುವ ಸಣ್ಣ ಜೇನುಹುಳುಗಳು ಸಾಮಾನ್ಯವಾಗಿ ಕೆಲವು ನೂರು ಮೀಟರುಗಳಾಚೆ ಹಾರಿಹೋಗವು. ಆದುದರಿಂದ ನಗರದಲ್ಲೊಂದು ದೊಡ್ಡ ಉದ್ಯಾನವಿದ್ದು ಪ್ರಯೋಜನವಿಲ್ಲ. ಊರೂರಿನ ಗುಡಿಯ ಅಂಗಳ, ಶಾಲೆಯ ಹಿತ್ತಿಲು, ಬಾವಿಯ ದಂಡೆಗಳಲ್ಲಿ ಸಣ್ಣ ಸಣ್ಣ ತಾಣಗಳು ಇರಬೇಕು.

ಕ್ರಮವು ಸುಲಭವಾದುದು. ಮುಂಜಾನೆಯ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ, ಮರದ ಪೂರ್ವದ ಪಕ್ಕವನ್ನು ಆರಿಸಬೇಕು. ಮೊದಲ ಮಳೆಗಳು ನೆಲವನ್ನು ನೆನೆಸಿದ ಮೇಲೆ ಒಂದೊಂದು ಜಾತಿಯ ಗಿಡಗಳನ್ನು ಗುಂಪಾಗಿ ನೆಟ್ಟು, ಬುಡಕ್ಕೆ ತರಗೆಲೆಯನ್ನು ಹೊದಿಸಬೇಕು. ನೆಲದಲ್ಲಿ ಗೂಡು ಮಾಡುವ ಹುಳುಗಳಿಗಾಗಿ ಒಂದಷ್ಟು ಮಣ್ಣನ್ನು ಬರಿದಾಗಿಯೇ ಬಿಡುವುದು ಯುಕ್ತ. ಹೂವಿನ ಕಾಲದಲ್ಲಿ ಕೀಟನಾಶಕ ಸಲ್ಲದು. ಮೊದಲ ಒಂದೆರಡು ಬೇಸಗೆಗಳಲ್ಲಿ ನೀರೆರೆದರೆ, ಮುಂದೆ ಈ ಗಿಡಗಳಲ್ಲಿ ಹೆಚ್ಚಿನವು ಅಲ್ಪ ಆರೈಕೆಯಿಂದಲೇ ಬಾಳುತ್ತವೆ. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಗೆ ಅಪವಾದವಾದ ಆಡುಸೋಗೆಯನ್ನು ಹೊರಸಾಲಿನಲ್ಲಿ ನೆಟ್ಟರೆ ಅದೇ ಬೇಲಿಯೂ ಆಗುವುದು.

ಚರಿತ್ರೆಯ ಅಧ್ಯಯನವು ಗತಕಾಲದ ವೈಭವವನ್ನು ಎಣಿಸುವುದರಲ್ಲಿಯೇ ಮುಗಿಯಬೇಕಾಗಿಲ್ಲ. ಸುರಂಗಬಾವಿಯನ್ನು ತೋಡಿದವರು ಪರದೇಶದ ತಂತ್ರವನ್ನು ತಂದರೂ ಈ ನೆಲದ ಕಲ್ಲನ್ನು ಓದಿಕೊಂಡೇ ತೋಡಿದರು. ಅವರ ತೋಟಗಳನ್ನು ಮತ್ತೆ ಬೆಳೆಸುವಾಗ ಅದೇ ವಿವೇಕವು ಗಿಡಗಳ ಆಯ್ಕೆಯಲ್ಲಿಯೂ ತೋರಬೇಕಾದುದು ನ್ಯಾಯ. ನಮ್ಮ ಕಾಲೇಜುಗಳ ಇತಿಹಾಸ ಮತ್ತು ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಜೊತೆಗೂಡಿ, ತಮ್ಮ ಊರಿನ ಹಳೆಯ ಬಾವಿ, ಗುಡಿ, ದರ್ಗಾಗಳ ಸುತ್ತ ಇಂದಿಗೂ ಉಳಿದಿರುವ ಗಿಡಗಳನ್ನೂ ಅವುಗಳ ಹೂವಿನ ಕಾಲವನ್ನೂ ಪಟ್ಟಿಮಾಡಿದರೆ, ಆ ಪಟ್ಟಿಯು ಶಾಸನಗಳ ಪಟ್ಟಿಯಷ್ಟೇ ಬೆಲೆಯುಳ್ಳ ಆಕರವಾಗುವುದರಲ್ಲಿ ಸಂದೇಹವಿಲ್ಲ.