ನೀರು, ತಾಮ್ರ ಮತ್ತು ಕಾವು

ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಹೊನ್ನಾವರದ ಅಳಿವೆಯಲ್ಲಿ ಕಡಲನ್ನು ಸೇರುವ ಮೊದಲು ಗೇರುಸೊಪ್ಪೆಯಲ್ಲಿ ಕೊನೆಯ ಬಾರಿಗೆ ದುಡಿಯುತ್ತಾಳೆ. ಅಲ್ಲಿಯ ವಿದ್ಯುದಾಗಾರದ ಸಾಮರ್ಥ್ಯ 240 ಮೆಗಾವಾಟ್. ಇಂಥ ಕಡೆಗಳಲ್ಲಿ ಟರ್ಬೈನನ್ನು ತಿರುಗಿಸುವುದೊಂದೇ ನೀರಿನ ಕೆಲಸವೆಂದು ಅನೇಕರು ತಿಳಿದಿರುತ್ತಾರೆ. ಆದರೆ ಭಾರಿ ಜನರೇಟರುಗಳು ತಿರುಗುತ್ತ ಬಿಸಿಯಾಗುತ್ತವೆ. ಅವುಗಳ ಸುತ್ತಲಿನ ಗಾಳಿಯನ್ನೂ ಬೇರಿಂಗಿನ ಎಣ್ಣೆಯನ್ನೂ ತಣಿಸಲು ಕೊಳವೆಗಳಲ್ಲಿ ನೀರು ಹರಿಯಬೇಕಾಗುತ್ತದೆ. ವಿದ್ಯುತ್ತನ್ನು ಕೊಡುವುದೂ ನೀರೇ, ಅದರ ಕಾವನ್ನು ಹೊತ್ತೊಯ್ಯುವುದೂ ನೀರೇ.

ಈ ಎರಡನೆಯ ಕೆಲಸವೀಗ ವಿದ್ಯುದಾಗಾರದಿಂದ ಮನೆಯ ಮೇಜಿನವರೆಗೆ ಬಂದಿದೆ. ಕಂಪ್ಯೂಟರಿನ ತೆರೆಯ ಮೇಲೆ ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಮೇಲ್ದರ್ಜೆಯವುಗಳ ಬೆಲೆ ಲಕ್ಷ ರೂಪಾಯಿಯನ್ನು ಮೀರುತ್ತದೆ. ಅವುಗಳ ಕಾವೂ ಬೆಲೆಗೆ ತಕ್ಕಂತೆಯೇ ಇದೆ. 2022ರಲ್ಲಿ ಹೊರಬಂದ ಎನ್‌ವಿಡಿಯಾ ಆರ್‌ಟಿಎಕ್ಸ್ 4090 ಕಾರ್ಡಿಗೆ 450 ವಾಟ್, 2025ರ 5090ಕ್ಕೆ 575 ವಾಟ್ ವಿದ್ಯುತ್ತು ಬೇಕು. ಅದೆಲ್ಲವೂ ಕಡೆಗೆ ಕಾವಾಗಿಯೇ ಹೊರಬೀಳುತ್ತದೆ. 750 ವಾಟಿನ ಇಸ್ತ್ರಿ ಪೆಟ್ಟಿಗೆ ಇನ್ನೂ ಹೆಚ್ಚು ಉರಿಸುವುದಿಲ್ಲವೇ ಎಂದು ಕೇಳಬಹುದು. ನಿಜ, ಆದರೆ ಇಸ್ತ್ರಿ ಪೆಟ್ಟಿಗೆಯ ತಳ ಅಂಗೈಗಿಂತ ದೊಡ್ಡದು, 4090ರ ಮುಖ್ಯ ಚಿಪ್ಪಿನ ವಿಸ್ತಾರವೋ ಸುಮಾರು 6 ಚದರ ಸೆಂಟಿಮೀಟರ್. ಅಂಚೆ ಚೀಟಿಯಷ್ಟು ಜಾಗದಿಂದ ಅಷ್ಟೊಂದು ಕಾವನ್ನು ಎತ್ತಿ ಸಾಗಿಸಬೇಕು.

ಸಾಮಾನ್ಯವಾಗಿ ಈ ಕೆಲಸವನ್ನು ಫ್ಯಾನುಗಳು ಮಾಡುತ್ತವೆ. ಸದ್ದು ಕಡಿಮೆಯಿರಬೇಕು, ತಂಪು ಹೆಚ್ಚಿರಬೇಕು ಎನ್ನುವವರು ಫ್ಯಾನುಗಳನ್ನು ಬಿಚ್ಚಿ, ಚಿಪ್ಪಿನ ಮೇಲೆ ‘ವಾಟರ್ ಬ್ಲಾಕ್’ ಎಂಬ ಲೋಹದ ಬಿಲ್ಲೆಯನ್ನು ಕೂರಿಸುತ್ತಾರೆ. ಬಿಲ್ಲೆಯೊಳಗೆ ನೀರು ಹರಿದು ಕಾವನ್ನು ಹೊತ್ತು ರೇಡಿಯೇಟರಿಗೆ ಹೋಗುತ್ತದೆ; ಅಲ್ಲಿ ತಣಿದು ಪಂಪಿನ ಮೂಲಕ ಮರಳುತ್ತದೆ. ಅಂಗಡಿಯಲ್ಲಿ ಹತ್ತಾರು ಬಗೆಯ ಬಿಲ್ಲೆಗಳಿವೆ. ಯಾವುದನ್ನು ಆರಿಸಬೇಕು? ತಪ್ಪಿದರೆ ಕಾರ್ಡೇ ಹೋದೀತು. ಇದಕ್ಕೆ ಉತ್ತರವನ್ನು ಜಾಹೀರಾತಿನಲ್ಲಿ ಹುಡುಕುವುದಕ್ಕಿಂತ ಇತಿಹಾಸದಲ್ಲಿ ಹುಡುಕುವುದು ಲೇಸು.

ಇದರ ಮೊದಲ ಪಾಠ ನಮ್ಮ ಬಚ್ಚಲು ಮನೆಯಲ್ಲೇ ಉಂಟು. ತಾಮ್ರದ ಹಂಡೆಯ ಕೆಳಗೆ ಬೆಂಕಿ ಧಗಧಗಿಸುತ್ತಿದ್ದರೂ ಒಳಗೆ ನೀರಿರುವವರೆಗೆ ಹಂಡೆ ಕೆಡುವುದಿಲ್ಲ. ತಾಮ್ರ ಕಾವನ್ನು ತಡೆಯದೆ ದಾಟಿಸುತ್ತದೆ, ನೀರು ಅದನ್ನು ಹೀರಿಕೊಳ್ಳುತ್ತದೆ. ಬೆಳ್ಳಿಯನ್ನು ಬಿಟ್ಟರೆ ಲೋಹಗಳಲ್ಲಿ ತಾಮ್ರದಷ್ಟು ಚೆನ್ನಾಗಿ ಕಾವನ್ನು ಸಾಗಿಸುವುದು ಬೇರೊಂದಿಲ್ಲ. ಅಲ್ಯೂಮಿನಿಯಮ್ಮಿನ ಶಕ್ತಿ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಒಳ್ಳೆಯ ಬ್ಲಾಕುಗಳ ತಳವೆಲ್ಲ ತಾಮ್ರದ್ದೇ ಆಗಿರುವುದು ಇದರಿಂದಲೇ. ಕೆಲವು ಬೆಳ್ಳಗೆ ಹೊಳೆಯುತ್ತವೆ. ಅದು ನಿಕ್ಕಲ್ ಲೇಪ. ನಮ್ಮ ಹಿರಿಯರು ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದಂತೆಯೇ ಇದೂ ಕಿಲುಬು ಹಿಡಿಯದಿರಲೆಂದು ಮಾಡಿದ ಏರ್ಪಾಡು. ಲೇಪ ತೀರ ತೆಳುವಾದುದರಿಂದ ಕಾವಿನ ಹಾದಿಗೆ ಅಡ್ಡಿಯಾಗದು.

ಎರಡನೆಯ ಪಾಠವನ್ನು ಕಲಿಸಿದುದು ಸಮುದ್ರ. 1761ರಲ್ಲಿ ಬ್ರಿಟಿಷ್ ನೌಕಾದಳದವರು ‘ಅಲಾರಂ’ ಎಂಬ ಮರದ ಹಡಗಿನ ತಳಕ್ಕೆ, ಹುಳು ಕೊರೆಯದಿರಲೆಂದು, ತಾಮ್ರದ ತಗಡು ಹೊದಿಸಿದರು. 1763ರಲ್ಲಿ ಪರೀಕ್ಷಿಸಿದಾಗ ತಾಮ್ರ ಚೆನ್ನಾಗಿಯೇ ಇತ್ತು; ಆದರೆ ಅದಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ತಿಂದುಹೋಗಿದ್ದವು. ತಗಡಿಗೆ ಸುತ್ತಿ ಬಂದಿದ್ದ ಕಾಗದ ಎಲ್ಲೆಲ್ಲಿ ನಡುವೆ ಉಳಿದುಕೊಂಡಿತ್ತೋ ಅಲ್ಲಿಯ ಮೊಳೆಗಳು ಮಾತ್ರ ಗಟ್ಟಿಯಾಗಿದ್ದವು. ಕಾರಣ ಆಗ ಯಾರಿಗೂ ಸ್ಪಷ್ಟವಿರಲಿಲ್ಲ. 1800ರಲ್ಲಿ ವೋಲ್ಟಾ ಎರಡು ಬಗೆಯ ಲೋಹಗಳ ನಡುವೆ ಉಪ್ಪುನೀರಿಟ್ಟು ವಿದ್ಯುತ್ತನ್ನು ಪಡೆದಮೇಲೆ ಗುಟ್ಟು ಬಯಲಾಯಿತು. 1824ರಲ್ಲಿ ಹಂಫ್ರಿ ಡೇವಿ ಅದೇ ತತ್ತ್ವವನ್ನು ಹಡಗಿನ ತಾಮ್ರವನ್ನು ಕಾಪಾಡಲು ಬಳಸಿದನು. ಒಂದೇ ನೀರಿನಲ್ಲಿ ಒಂದಕ್ಕೊಂದು ಸಂಬಂಧಪಟ್ಟು ನಿಂತ ಎರಡು ಲೋಹಗಳಲ್ಲಿ ದುರ್ಬಲವಾದುದು ಕರಗುತ್ತದೆ.

ಎರಡೂವರೆ ಶತಮಾನದ ಹಿಂದಿನ ಈ ಮೊಳೆಗಳ ಕಥೆ ವಾಟರ್ ಬ್ಲಾಕಿಗೂ ಅನ್ವಯಿಸುತ್ತದೆ. ತಾಮ್ರದ ಬ್ಲಾಕನ್ನು ಕೊಂಡು, ಅಗ್ಗವೆಂದು ಅಲ್ಯೂಮಿನಿಯಮ್ ರೇಡಿಯೇಟರನ್ನು ಅದೇ ನೀರಿನ ಹಾದಿಗೆ ಜೋಡಿಸಿದರೆ ಅಲ್ಯೂಮಿನಿಯಮ್ ತಿಂದುಹೋಗುತ್ತದೆ. ಅದರ ಪುಡಿ ಬ್ಲಾಕಿನ ಸಣ್ಣ ಕಾಲುವೆಗಳನ್ನು ಮುಚ್ಚುತ್ತದೆ. ಆದ್ದರಿಂದ ನೀರು ಮುಟ್ಟುವ ಲೋಹಗಳೆಲ್ಲ ತಾಮ್ರ, ಹಿತ್ತಾಳೆ, ನಿಕ್ಕಲ್‌ಗಳ ಬಳಗದವೇ ಆಗಿರಬೇಕು.

ಮೂರನೆಯ ಪಾಠ ರೇಡಿಯೋ ಕೇಳುವವರಿಗೆ ಹತ್ತಿರದ್ದು. ಪ್ರಸಾರ ಯಂತ್ರದ ವಾಲ್ವಿನೊಳಗೆ ಎಲೆಕ್ಟ್ರಾನುಗಳು ಆನೋಡಿಗೆ ಬಂದು ಬಡಿಯುವಾಗ ಅದು ಬಿಸಿಯಾಗುತ್ತದೆ. ಆನೋಡು ಗಾಜಿನ ಬುರುಡೆಯೊಳಗೆ, ನಿರ್ವಾತದಲ್ಲಿ ಇದ್ದುದರಿಂದ ಅದನ್ನು ತಣಿಸುವುದು ಕಷ್ಟವಾಗಿತ್ತು. ಪ್ರಸಾರದ ಶಕ್ತಿಗೂ ಮಿತಿಯಿತ್ತು. ಅಮೆರಿಕದ ಹೌಸ್‌ಕೀಪರ್ ಎಂಬ ವಿಜ್ಞಾನಿ ತಾಮ್ರದ ಅಂಚನ್ನು ತೆಳುವಾಗಿಸಿ ಗಾಜಿಗೆ ಬೆಸೆಯುವ ವಿಧಾನವನ್ನು ಕಂಡುಕೊಂಡು 1923ರಲ್ಲಿ ಅದನ್ನು ವಿವರಿಸಿದನು. ಆಮೇಲೆ ತಾಮ್ರದ ಆನೋಡೇ ವಾಲ್ವಿನ ಹೊರಗೋಡೆಯಾಯಿತು. ಅದರ ಸುತ್ತ ನೀರು ಹರಿಸಬಹುದಾಯಿತು. ಆನೋಡಿನಲ್ಲಿ ಸಾವಿರಾರು ವೋಲ್ಟ್ ಇರುವುದರಿಂದ ನೀರಿನ ಮೂಲಕ ವಿದ್ಯುತ್ತು ಸೋರದಂತೆ ಬಟ್ಟಿಯಿಳಿಸಿದ ನೀರನ್ನೇ ಬಳಸಬೇಕಾಯಿತು. ಕಾರ್ಡಿನ ಬ್ಲಾಕಿನಲ್ಲಿ ಅಷ್ಟು ವೋಲ್ಟ್ ಇಲ್ಲ. ಆದರೂ ಶುದ್ಧ ನೀರಿನ ನಿಯಮ ತಪ್ಪದು. ಕಡಲ ದಡದ ಬಾವಿಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಅದರಲ್ಲಿ ಲವಣಗಳಿರುತ್ತವೆ. ಬಟ್ಟಿಯಿಳಿಸಿದ ನೀರಿಗೆ ಕಿಲುಬನ್ನೂ ಪಾಚಿಯನ್ನೂ ತಡೆಯುವ ದ್ರವ್ಯ ಸೇರಿಸಿದುದೇ ಬ್ಲಾಕಿಗೆ ತಕ್ಕದ್ದು.

ವಾಲ್ವಿನ ಬಳಿಕ ಕಂಪ್ಯೂಟರಿನ ಕಾಲ ಬಂದಿತು. 1980ರಲ್ಲಿ ಐಬಿಎಂ ಸಂಸ್ಥೆ ಪ್ರಕಟಿಸಿದ 3081 ಎಂಬ ಯಂತ್ರದಲ್ಲಿ ಒಂದೊಂದು ಫಲಕದ ಮೇಲೂ ನೂರಕ್ಕೂ ಹೆಚ್ಚು ಚಿಪ್‌ಗಳಿಗೆ ಸ್ಥಳವಿತ್ತು. ಪ್ರತಿ ಚಿಪ್ಪನ್ನೂ ಸ್ಪ್ರಿಂಗಿನ ಒತ್ತಡದಲ್ಲಿ ಒಂದು ಲೋಹದ ಕಡ್ಡಿ ತಾಗಿಕೊಂಡಿದ್ದು, ಅದರ ಕಾವು ನೀರು ಹರಿಯುವ ತಟ್ಟೆಗೆ ಏರುತ್ತಿತ್ತು. ಮರುವರ್ಷ ಸ್ಟ್ಯಾನ್‌ಫರ್ಡಿನ ಟಕ್ಕರ್‌ಮನ್ ಮತ್ತು ಪೀಸ್ ಎಂಬಿಬ್ಬರು ಸಿಲಿಕಾನಿನಲ್ಲಿಯೇ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು ಅಗಲದ ಕಾಲುವೆಗಳನ್ನು ಕೊರೆದು, ಚದರ ಸೆಂಟಿಮೀಟರಿಗೆ 790 ವಾಟ್ ಕಾವನ್ನು ನೀರಿನಿಂದ ತೆಗೆದು ತೋರಿಸಿದರು. ಇಂದಿನ ಬ್ಲಾಕಿನ ತಾಮ್ರದಲ್ಲಿ ಕೂದಲೆಳೆಯಂತೆ ಸಾಲಾಗಿ ಕಾಣುವ ಗೆರೆಗಳಿಗೆ ಮೂಲ ಈ ವಿಚಾರವೇ.

ಇಲ್ಲೊಂದು ಲೆಕ್ಕವನ್ನು ಗಮನಿಸಬೇಕು. ನಿಮಿಷಕ್ಕೆ 4 ಲೀಟರ್ ನೀರು ಹರಿದರೆ 450 ವಾಟ್ ಕಾವನ್ನು ಹೊತ್ತೂ ಆ ನೀರು ಎರಡು ಡಿಗ್ರಿಯಷ್ಟೂ ಬಿಸಿಯೇರುವುದಿಲ್ಲ. ಎಂದರೆ ಸಾಗಿಸುವ ಶಕ್ತಿಗೆ ಕೊರತೆಯಿಲ್ಲ. ತೊಡಕಿರುವುದು ಕಾವು ಚಿಪ್ಪಿನಿಂದ ತಾಮ್ರಕ್ಕೆ, ತಾಮ್ರದಿಂದ ನೀರಿಗೆ ದಾಟುವ ಹೊಸ್ತಿಲಲ್ಲಿ. ಆದುದರಿಂದ ಬ್ಲಾಕಿನ ಗಾತ್ರಕ್ಕೂ ಅಲಂಕಾರದ ದೀಪಗಳಿಗೂ ಮರುಳಾಗದೆ, ತಳ ಸಮತಟ್ಟಾಗಿದೆಯೇ, ಚಿಪ್ಪಿಗೆ ಸಮನಾಗಿ ಒತ್ತುತ್ತದೆಯೇ, ಕಾಲುವೆಗಳು ಚಿಪ್ಪಿನ ನೇರಕ್ಕೆ ಬರುತ್ತವೆಯೇ ಎಂಬುದನ್ನು ನೋಡಬೇಕು.

ಮುಖ್ಯ ಚಿಪ್ಪೊಂದನ್ನೇ ತಣಿಸಿದರೂ ಸಾಲದು. ಸುತ್ತಲಿನ ಮೆಮೊರಿ ಚಿಪ್‌ಗಳೂ ವೋಲ್ಟೇಜನ್ನು ಹದಗೊಳಿಸುವ ಭಾಗಗಳೂ ಕಾಯುತ್ತವೆ. ಮೇಲ್ದರ್ಜೆಯ ಕಾರ್ಡಿಗೆ ಇವೆಲ್ಲವನ್ನೂ ಮುಚ್ಚುವ ಪೂರ್ಣ ಬ್ಲಾಕೇ ಯೋಗ್ಯ. 2020ರ ಆರ್‌ಟಿಎಕ್ಸ್ 3090ರಲ್ಲಿ ಮೆಮೊರಿ ಚಿಪ್‌ಗಳಲ್ಲಿ ಅರ್ಧದಷ್ಟು ಹಿಂಬದಿಯಲ್ಲಿದ್ದವು. 4090ರಲ್ಲಿ ಎಲ್ಲವೂ ಮುಂಬದಿಗೆ ಬಂದವು. ಒಂದೇ ಹೆಸರಿನ ಕಾರ್ಡನ್ನು ಬೇರೆ ಬೇರೆ ತಯಾರಕರು ಬೇರೆ ಬೇರೆ ವಿನ್ಯಾಸದ ಹಲಗೆಯ ಮೇಲೆ ಕಟ್ಟುವುದೂ ಉಂಟು. ಆದಕಾರಣ ಕಾರ್ಡಿನ ಹೆಸರನ್ನು ಮಾತ್ರ ಹೇಳಿ ಬ್ಲಾಕನ್ನು ತರಿಸಬಾರದು. ತಯಾರಕರ ಹೆಸರನ್ನೂ ಪೂರ್ಣ ಮಾದರಿಯನ್ನೂ ಬ್ಲಾಕಿನವರ ಪಟ್ಟಿಯೊಡನೆ ಹೋಲಿಸಿಯೇ ಕೊಳ್ಳಬೇಕು.

ನೀರು ಎಷ್ಟು ತಣ್ಣಗಿದ್ದರೆ ಅಷ್ಟು ಒಳ್ಳೆಯದೆಂಬ ಭಾವನೆಯೂ ಸರಿಯಲ್ಲ. 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ಥಾಪಿತವಾದ ‘ಪರಮ್ ಪ್ರವೇಗ’ 3.3 ಪೆಟಾಫ್ಲಾಪ್ ಸಾಮರ್ಥ್ಯದ ಮಹಾಗಣಕ. ಅದರಲ್ಲಿಯೂ ಎನ್‌ವಿಡಿಯಾ ಕಾರ್ಡುಗಳುಂಟು. ಅದು ಸೇರಿದ ಯಂತ್ರಶ್ರೇಣಿಯ ವಿನ್ಯಾಸ ಉಗುರುಬೆಚ್ಚಗಿನ ನೀರಿನಿಂದಲೇ ತಣಿಸುವಂತಹುದು. ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಮಳೆಗಾಲದಲ್ಲಿ ಕೋಣೆಯ ಗಾಳಿ 30 ಡಿಗ್ರಿಯಲ್ಲಿದ್ದು ತೇವ ನೂರಕ್ಕೆ 85ರಷ್ಟಿದ್ದರೆ, 27 ಡಿಗ್ರಿಗಿಂತ ತಣ್ಣಗಿನ ಯಾವ ವಸ್ತುವೂ ಬೆವರುತ್ತದೆ. ಮಂಜುಗಡ್ಡೆ ಹಾಕಿ ತಣಿಸಿದ ನೀರು ಹರಿದರೆ ಬ್ಲಾಕಿನ ಹೊರಮೈಯಲ್ಲಿ ಹನಿಗೂಡಿ ಕಾರ್ಡಿನ ಮೇಲೆ ತೊಟ್ಟಿಕ್ಕೀತು. ಕೋಣೆಯ ಗಾಳಿಯಿಂದಲೇ ತಣಿಯುವ ರೇಡಿಯೇಟರಿನ ನೀರು ಗಾಳಿಗಿಂತ ತಣ್ಣಗಾಗುವುದಿಲ್ಲ; ಅದರಿಂದ ಆ ಭಯವಿಲ್ಲ.

ಕಡೆಯದಾಗಿ ಒಂದು ಮಾತು. ಜೋಡಣೆ ಮುಗಿದೊಡನೆ ಕಾರ್ಡಿಗೆ ವಿದ್ಯುತ್ತು ಕೊಡುವ ಆತುರ ಬೇಡ. ಮೊದಲು ಪಂಪೊಂದನ್ನೇ ಬೇರೆಯಾಗಿ ಓಡಿಸಿ, ಸಂದುಗಳ ಕೆಳಗೆ ಒಣ ಕಾಗದವಿಟ್ಟು, ಕೆಲವು ಗಂಟೆ ಕಾದು ನೋಡಬೇಕು. ಕಾಗದ ಒಣಗಿಯೇ ಇದ್ದರೆ ಯಂತ್ರವನ್ನು ಚಾಲೂ ಮಾಡಬಹುದು. ಕೊಳ್ಳಲು ಹೊರಟವರು ಕೇಳಬೇಕಾದ ಪ್ರಶ್ನೆಗಳು ನಾಲ್ಕೇ: ಲೋಹಗಳು ಒಂದೇ ಬಳಗದವೇ? ನೀರು ಶುದ್ಧವೇ? ತಳ ಚಿಪ್ಪಿಗೆ ಸರಿಯಾಗಿ ತಾಗುವುದೇ? ಬ್ಲಾಕು ಇದೇ ಹಲಗೆಗೆಂದು ಮಾಡಿದುದೇ? ನಾಲ್ಕಕ್ಕೂ ಹೌದೆಂಬ ಉತ್ತರ ಬಂದರೆ ಉಳಿದದ್ದು ಬಣ್ಣ ಮತ್ತು ಬೆಲೆಯ ವಿಚಾರ. ಅದನ್ನು ಅವರವರ ರುಚಿಗೂ ಕೈಯಲ್ಲಿರುವ ಹಣಕ್ಕೂ ಬಿಡಬಹುದು.