ಚಕ್ರದ ಮನೆಯಲ್ಲಿ ಯೆಲ್ಲೋಸ್ಟೋನ್‌ಗೆ: ಮೊದಲ ಪಯಣಕ್ಕೆ ಏನೇನು ಬೇಕು?

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಬೇಸಿಗೆಯಲ್ಲಿ ಹೋಗುವ ಕರ್ನಾಟಕದ ತಂದೆ-ತಾಯಂದಿರು ನೋಡಬಯಸುವ ತಾಣಗಳಲ್ಲಿ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವೂ ಒಂದು. 1872ರಲ್ಲಿ ಸ್ಥಾಪನೆಯಾದ, ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನವೆಂದು ಹೆಸರಾದ ಈ ಪ್ರದೇಶದ ವಿಸ್ತೀರ್ಣ ಸುಮಾರು 9,000 ಚದರ ಕಿಲೋಮೀಟರ್. ಒಂದೇ ದಿನದಲ್ಲಿ ಸುತ್ತಿ ಮುಗಿಸುವ ಜಾಗ ಇದಲ್ಲ. ಒಳಗಿರುವ ವಸತಿಗೃಹಗಳು ತಿಂಗಳುಗಳ ಮೊದಲೇ ಭರ್ತಿಯಾಗುತ್ತವೆ. ಹೀಗಾಗಿ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ‘ಟ್ರಾವೆಲ್ ಟ್ರೇಲರ್’ ಬಾಡಿಗೆಗೆ ಪಡೆದು, ಅದರಲ್ಲೇ ಅಡುಗೆ, ಅದರಲ್ಲೇ ನಿದ್ರೆ ಎಂದು ಹೊರಡುವ ಕುಟುಂಬಗಳೂ ಇವೆ.

ಟ್ರಾವೆಲ್ ಟ್ರೇಲರ್‌ಗೆ ಸ್ವಂತ ಎಂಜಿನ್ ಇರುವುದಿಲ್ಲ. ಹಾಸಿಗೆ, ಒಲೆ, ಫ್ರಿಜ್, ಶೌಚಾಲಯ, ನೀರಿನ ತೊಟ್ಟಿಗಳನ್ನು ಹೊತ್ತ ಈ ಪುಟ್ಟ ಮನೆಯನ್ನು ಕೊಂಡಿಯ ಮೂಲಕ ದೊಡ್ಡ ಕಾರು ಅಥವಾ ಪಿಕಪ್ ವಾಹನ ಎಳೆಯುತ್ತದೆ. ಅಮೆರಿಕದಲ್ಲಿ ಇದರ ತಯಾರಿಕೆಯ ಕೇಂದ್ರವೆಂದರೆ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸೀಮೆ. ಕೋವಿಡ್ ಕಾಲದಲ್ಲಿ ಹೋಟೆಲು, ವಿಮಾನಗಳಿಂದ ದೂರ ಸರಿದ ಜನ ಇದರತ್ತ ಮುಗಿಬಿದ್ದರು. 2021ರಲ್ಲಿ ಅಮೆರಿಕದ ಕಾರ್ಖಾನೆಗಳಿಂದ ಒಟ್ಟು ಆರು ಲಕ್ಷಕ್ಕೂ ಹೆಚ್ಚು ವಸತಿ ವಾಹನಗಳು ಹೊರಬಂದವು.

ಮೊದಲ ಬಾರಿಗೆ ಹೊರಡುವವರು ಸಾಮಾನ್ಯವಾಗಿ ಮನೆಯ ಅಡುಗೆಕೋಣೆಯಿಂದಲೇ ಗಂಟು ಕಟ್ಟಲು ಆರಂಭಿಸುತ್ತಾರೆ. ಮಾಡಬೇಕಾದದ್ದು ಇದಕ್ಕೆ ವ್ಯತಿರಿಕ್ತ. ಮೊದಲು ಭಾರದ ಲೆಕ್ಕ, ಅನಂತರ ನೀರು ಮತ್ತು ವಿದ್ಯುತ್ತಿನ ಸಲಕರಣೆ, ಕೊನೆಗೆ ಪಾತ್ರೆ-ಪಡಗ.

ಇಪ್ಪತ್ಮೂರು ಕಿಲೋ ಮಾತ್ರ ಉಳಿದಾಗ

ಟ್ರೇಲರ್‌ನ ಬಾಗಿಲ ಬಳಿ ಅಂಟಿಸಿರುವ ಹಳದಿ ಚೀಟಿಯಲ್ಲಿ ಅದು ಹೊರಬಹುದಾದ ಸಾಮಾನಿನ ಗರಿಷ್ಠ ತೂಕ ನಮೂದಾಗಿರುತ್ತದೆ. ಅದು 1,200 ಪೌಂಡ್, ಅಂದರೆ ಸುಮಾರು 544 ಕಿಲೋ ಎಂದುಕೊಳ್ಳೋಣ. 40 ಗ್ಯಾಲನ್ ನೀರಿನ ತೊಟ್ಟಿಯನ್ನು ತುಂಬಿಸಿಕೊಂಡು ಹೊರಟರೆ ನೀರೊಂದೇ 151 ಕಿಲೋ ತಿಂದುಹಾಕುತ್ತದೆ. ತಂಗುವ ಜಾಗದಲ್ಲಿ ನಲ್ಲಿ ಇದೆ ಎಂದು ಖಚಿತವಾದರೆ ದಾರಿ ಖರ್ಚಿಗೆ ಬೇಕಾದಷ್ಟು ನೀರು ಮಾತ್ರ ಸಾಕು.

ಇದಕ್ಕಿಂತ ಮುಖ್ಯವಾದ, ಹೆಚ್ಚಿನವರು ಮರೆಯುವ ಲೆಕ್ಕ ಎಳೆಯುವ ವಾಹನದ್ದು. ಟ್ರೇಲರ್‌ನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಭಾರ ಕೊಂಡಿಯ ಮೇಲೆ ಕೂರಬೇಕು. ಅದು ಕಡಿಮೆಯಾದರೆ ಹೆದ್ದಾರಿಯಲ್ಲಿ ಟ್ರೇಲರ್ ಬಾಲದಂತೆ ಎಡಬಲಕ್ಕೆ ಹೊಯ್ದಾಡತೊಡಗುತ್ತದೆ. ವಾಹನ ಮಗುಚುವ ಅಪಘಾತಗಳು ಸಂಭವಿಸುವುದು ಹೀಗೆ. ಕೊಂಡಿಯ ಈ ಭಾರವನ್ನು ಹೊರುವುದು ಕಾರು. ಅದರ ಚಾಲಕನ ಬಾಗಿಲ ಚೌಕಟ್ಟಿನ ಮೇಲೆ, ಜನ ಮತ್ತು ಸಾಮಾನು ಸೇರಿ ಎಷ್ಟು ತೂಕ ಹೇರಬಹುದೆಂದು ಬರೆದಿರುತ್ತದೆ. ಅದು 1,400 ಪೌಂಡ್, ಅಂದರೆ 635 ಕಿಲೋ ಎಂದಿಟ್ಟುಕೊಳ್ಳೋಣ. ಗಂಡ, ಹೆಂಡತಿ, ಬೆಳೆದ ಮಗ, ಊರಿನಿಂದ ಬಂದ ಅಜ್ಜ-ಅಜ್ಜಿ, ಹೀಗೆ ಐವರು ಸರಾಸರಿ 68 ಕಿಲೋದಂತೆ 340 ಕಿಲೋ. ಕೊಂಡಿಯ ಭಾರ 272 ಕಿಲೋ. ಉಳಿದದ್ದು 23 ಕಿಲೋ! ಅಜ್ಜ ವಿಮಾನದಲ್ಲಿ ತಂದ ಒಂದೇ ಒಂದು ಸೂಟ್‌ಕೇಸಿನ ತೂಕ ಅದು. ಕಾರಿನ ಡಿಕ್ಕಿಯಲ್ಲಿ ಎಷ್ಟೇ ಜಾಗ ಖಾಲಿ ಕಂಡರೂ ಅದನ್ನು ತುಂಬುವಂತಿಲ್ಲ. ‘ಈ ಕಾರು ಇಷ್ಟು ಸಾವಿರ ಪೌಂಡ್ ಎಳೆಯುತ್ತದೆ’ ಎಂಬ ಜಾಹೀರಾತಿನ ಸಂಖ್ಯೆ ಈ ಲೆಕ್ಕದಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಆದ್ದರಿಂದ ಸಾಮಾನಿನ ಬಹುಪಾಲು ಟ್ರೇಲರ್‌ನಲ್ಲೇ ಇರಬೇಕು. ಅಕ್ಕಿ ಚೀಲ, ಡಬ್ಬಿಗಳು, ಉಪಕರಣಗಳಂಥ ಭಾರದ ವಸ್ತುಗಳು ನೆಲಮಟ್ಟದಲ್ಲಿ, ಚಕ್ರದ ಅಚ್ಚಿಗೆ ಸಮೀಪ, ತುಸು ಮುಂದಕ್ಕೆ ಇದ್ದರೆ ಸರಿ. ಹಿಂಬದಿಯಲ್ಲಿ ಭಾರ ಪೇರಿಸುವುದು ಅಪಾಯಕಾರಿ. ಬಟ್ಟೆ, ದಿಂಬು, ಹಗುರ ಡಬ್ಬಿಗಳು ಮೇಲಿನ ಕಪಾಟಿಗೆ ಸಾಕು. ಹೊರಡುವ ಮುನ್ನ ಹೆದ್ದಾರಿ ಬದಿಯ ಟ್ರಕ್ ನಿಲ್ದಾಣದ ತೂಕದ ಯಂತ್ರದ ಮೇಲೆ ಒಮ್ಮೆ ನಿಲ್ಲಿಸಿ ನೋಡಿದರೆ ಸಂದೇಹಕ್ಕೆ ಎಡೆಯಿರುವುದಿಲ್ಲ.

ಮತ್ತೊಂದು ಮಾತು. ಚಲಿಸುತ್ತಿರುವ ಟ್ರೇಲರ್‌ನಲ್ಲಿ ಜನ ಕುಳಿತಿರುವುದು ಕ್ಯಾಲಿಫೋರ್ನಿಯಾ ಸೇರಿದಂತೆ ಹಲವು ರಾಜ್ಯಗಳಲ್ಲಿ ನಿಷಿದ್ಧ. ಕಾನೂನು ಏನೇ ಇರಲಿ, ಅದು ಕ್ಷೇಮವೂ ಅಲ್ಲ. ‘ಅಮ್ಮ ಹಿಂದೆ ಮಲಗಿಕೊಂಡು ಬರಲಿ’ ಎಂಬ ಯೋಚನೆಯನ್ನು ಮೊದಲೇ ಕೈಬಿಡಬೇಕು. ಹಿರಿಯರ ಮಾತ್ರೆ, ಇನ್ಸುಲಿನ್, ಕನ್ನಡಕ, ಸ್ವೆಟರ್, ಕುಡಿಯುವ ನೀರು, ಪಾಸ್‌ಪೋರ್ಟ್ ಮತ್ತು ವಿಮೆಯ ಕಾಗದಗಳು ಕಾರಿನಲ್ಲಿ ಕೈಗೆಟಕುವ ಚೀಲದಲ್ಲಿರಬೇಕು.

ನೀರು, ವಿದ್ಯುತ್, ಕೊಳಚೆ

ಯೆಲ್ಲೋಸ್ಟೋನ್‌ನ ಒಳಗೆ ನೀರು, ವಿದ್ಯುತ್, ಒಳಚರಂಡಿ ಮೂರರ ಸಂಪರ್ಕವೂ ದೊರೆಯುವ ತಾಣವೆಂದರೆ ಯೆಲ್ಲೋಸ್ಟೋನ್ ಸರೋವರದ ಬಳಿಯ ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕ್. ಗ್ರಿಜ್ಲಿ ಕರಡಿಗಳ ಓಡಾಟವಿರುವ ಕಾರಣ ಇಲ್ಲಿ ಗಟ್ಟಿ ಗೋಡೆಯ ವಾಹನಗಳಿಗೆ ಮಾತ್ರ ಪ್ರವೇಶ. ಡೇರೆಗಾಗಲೀ, ಬಟ್ಟೆಯ ಗೋಡೆಯುಳ್ಳ ಮಡಚುವ ಟ್ರೇಲರ್‌ಗಾಗಲೀ ಅವಕಾಶವಿಲ್ಲ. ಬಾಡಿಗೆಗೆ ಪಡೆಯುವಾಗಲೇ ಇದನ್ನು ಗಮನಿಸದಿದ್ದರೆ ನೂರಾರು ಮೈಲಿ ಎಳೆದು ತಂದ ಮನೆಯನ್ನು ಹಿಂದಕ್ಕೆ ತಿರುಗಿಸಬೇಕಾದೀತು.

ನಲ್ಲಿಯಿಂದ ಟ್ರೇಲರ್‌ಗೆ ನೀರು ತರಲು ಕುಡಿಯುವ ನೀರಿಗೆಂದೇ ತಯಾರಾದ ಪೈಪು ಬೇಕು. ಅದು ಸಾಮಾನ್ಯವಾಗಿ ಬಿಳಿ ಅಥವಾ ನೀಲಿ ಬಣ್ಣದ್ದು. ತೋಟದ ಹಸಿರು ಪೈಪಿನ ನೀರು ಕುಡಿಯಲು ತಕ್ಕುದಲ್ಲ. ಜೊತೆಗೆ ಬೆರಳುದ್ದದ ಹಿತ್ತಾಳೆಯ ಒತ್ತಡ ನಿಯಂತ್ರಕ ಕಡ್ಡಾಯವೆನ್ನಬೇಕು. ನಲ್ಲಿಯ ರಭಸ ಹೆಚ್ಚಿದ್ದರೆ ಟ್ರೇಲರ್‌ನೊಳಗಿನ ತೆಳು ಕೊಳವೆಗಳು ಒಡೆದು ಹಾಸಿಗೆಯ ಅಡಿ ಕೆರೆಯಾಗುತ್ತದೆ. ಹತ್ತಿಪ್ಪತ್ತು ಡಾಲರ್ ಉಳಿಸಲು ಹೋಗಿ ಬಾಡಿಗೆಯ ಠೇವಣಿ ಕಳೆದುಕೊಳ್ಳುವುದು ಇಲ್ಲಿಯೇ.

ವಿದ್ಯುತ್ ಕಂಬದಲ್ಲಿ 30 ಆಂಪಿಯರ್ ಮತ್ತು 50 ಆಂಪಿಯರ್ ಎಂಬ ಎರಡು ಬಗೆಯ ಸಾಕೆಟ್‌ಗಳಿರುತ್ತವೆ. ಒಂದರ ಪ್ಲಗ್ ಇನ್ನೊಂದಕ್ಕೆ ಹೊಂದುವುದಿಲ್ಲವಾದ್ದರಿಂದ ಅಡಾಪ್ಟರ್ ಇರಲಿ. ವೋಲ್ಟೇಜ್ ಏರುಪೇರಿನಿಂದ ಕಾಪಾಡುವ ಸರ್ಜ್ ಪ್ರೊಟೆಕ್ಟರ್ ಕೂಡ ಇರಲಿ. 30 ಆಂಪಿಯರ್‌ನಿಂದ ದೊರೆಯುವುದು ಒಟ್ಟು 3,600 ವ್ಯಾಟ್. 1,500 ವ್ಯಾಟ್‌ನ ಹೀಟರ್ ಉರಿಯುತ್ತಿರುವಾಗ ನೀರು ಕಾಯಿಸುವ ಕೆಟಲ್ ಮತ್ತು ಮೈಕ್ರೋವೇವ್ ಒಟ್ಟಿಗೆ ಹಾಕಿದರೆ ಕತ್ತಲೆಯೇ ಗತಿ. ಊರಿನಿಂದ ತಂದ ಮಿಕ್ಸಿ 230 ವೋಲ್ಟ್‌ನದು, ಅಲ್ಲಿನ ವಿದ್ಯುತ್ 120 ವೋಲ್ಟ್. ಹಾಗಾಗಿ ಚಟ್ನಿಯ ಆಸೆಯನ್ನು ಚಟ್ನಿಪುಡಿಯಲ್ಲಿ ತೀರಿಸಿಕೊಳ್ಳುವುದೇ ಲೇಸು.

ಕೊಳಚೆಯ ವಿಷಯ ಹೇಳಲು ಸಂಕೋಚವಾದರೂ ಹೇಳಲೇಬೇಕಾದದ್ದು. ಸ್ನಾನ, ಪಾತ್ರೆಯ ನೀರಿಗೆ ‘ಗ್ರೇ’ ತೊಟ್ಟಿ, ಶೌಚಕ್ಕೆ ‘ಬ್ಲ್ಯಾಕ್’ ತೊಟ್ಟಿ. ಖಾಲಿ ಮಾಡಲು ಮೂರಂಗುಲದ ದಪ್ಪ ಪೈಪು, ಪೆಟ್ಟಿಗೆಯಷ್ಟು ಬಳಸಿ ಬಿಸಾಡುವ ಕೈಗವಸು, ತೊಟ್ಟಿಗೆ ಹಾಕುವ ದ್ರಾವಣ, ಬೇಗ ಕರಗುವ ಶೌಚ ಕಾಗದ ಬೇಕು. ಚರಂಡಿಗೆ ಜೋಡಿಸಿದ ಮಾತ್ರಕ್ಕೆ ಬ್ಲ್ಯಾಕ್ ತೊಟ್ಟಿಯ ಕವಾಟವನ್ನು ಸದಾ ತೆರೆದಿಡಬಾರದು. ನೀರೆಲ್ಲ ಹರಿದುಹೋಗಿ ಗಟ್ಟಿ ಮಲ ಒಳಗೇ ಕಚ್ಚಿಕೊಳ್ಳುತ್ತದೆ. ಮೂರನೇ ಎರಡು ಭಾಗ ತುಂಬಿದ ಮೇಲೆ ಮೊದಲು ಬ್ಲ್ಯಾಕ್, ಬಳಿಕ ಗ್ರೇ ಬಿಡಬೇಕು. ಆಗ ಸಾಬೂನು ನೀರು ಪೈಪನ್ನು ತೊಳೆಯುತ್ತದೆ. ಶೌಚಕ್ಕೆ ಚೊಂಬಿನ ನೀರು ಬಳಸುವ ನಮ್ಮ ರೂಢಿ ಈ ತೊಟ್ಟಿಗೆ ಒಳ್ಳೆಯದೇ, ಆದರೆ ಅದು ಬೇಗ ತುಂಬುತ್ತದೆಂಬುದು ನೆನಪಿರಲಿ. ಒದ್ದೆ ಟಿಶ್ಯೂಗಳನ್ನು ಮಾತ್ರ ಎಂದಿಗೂ ಹಾಕಕೂಡದು. ಕೊಳಚೆಯ ಸಾಮಗ್ರಿ ಮತ್ತು ಕುಡಿಯುವ ನೀರಿನ ಪೈಪು ಬೇರೆ ಬೇರೆ ಪೆಟ್ಟಿಗೆಯಲ್ಲಿರಬೇಕೆಂದು ಬಿಡಿಸಿ ಹೇಳಬೇಕಿಲ್ಲ.

ಲಾರಿ ಚಾಲಕರು ಇಳಿಜಾರಿನಲ್ಲಿ ಚಕ್ರಕ್ಕೆ ಕಲ್ಲು ಕೊಡುವುದನ್ನು ಎಲ್ಲರೂ ನೋಡಿದ್ದಾರೆ. ಟ್ರೇಲರ್‌ಗೂ ಅದೇ ನಿಯಮ. ಕೊಂಡಿ ಕಳಚುವ ಮೊದಲೇ ಎರಡೂ ಬದಿಯ ಚಕ್ರಗಳಿಗೆ ಅಡೆ ಕೊಡಬೇಕು. ನೆಲ ಏರುತಗ್ಗಿದ್ದರೆ ಚಕ್ರದಡಿ ಇಡಲು ಪ್ಲಾಸ್ಟಿಕ್ ಹಲಗೆಗಳು ಮತ್ತು ಗಾರೆ ಕೆಲಸದವರ ಬಳಿ ಇರುವಂಥ ರಸಮಟ್ಟ ಬೇಕು. ಗ್ಯಾಸಿನಲ್ಲಿ ನಡೆಯುವ ಫ್ರಿಜ್ ವಾಲಿದ ಜಾಗದಲ್ಲಿ ಸರಿಯಾಗಿ ತಂಪಾಗದು. ಟೈರಿನ ಗಾಳಿ ನೋಡುವ ಗೇಜು, ಚಕ್ರದ ನಟ್ಟಿಗೆ ಹೊಂದುವ ಸ್ಪ್ಯಾನರ್, ಬಿಡಿ ಚಕ್ರ, ಟಾರ್ಚ್, ಫ್ಯೂಸುಗಳು, ಇಕ್ಕಳ, ಅಂಟುಪಟ್ಟಿ ಇವಿಷ್ಟು ಉಪಕರಣಪೆಟ್ಟಿಗೆಗೆ ಸಾಕು. ಇವುಗಳಲ್ಲಿ ಕೆಲವನ್ನು ಬಾಡಿಗೆ ಕೊಡುವವರೇ ಒದಗಿಸುವುದುಂಟು. ಬಾಯಿಮಾತನ್ನು ನಂಬದೆ ಪೆಟ್ಟಿಗೆ ತೆರೆಸಿ ನೋಡಿಕೊಳ್ಳುವುದು ಒಳಿತು.

ಅಡುಗೆ ಮತ್ತು ಗಾಳಿ

ಫಿಶಿಂಗ್ ಬ್ರಿಡ್ಜ್ ಸಮುದ್ರಮಟ್ಟದಿಂದ ಸುಮಾರು 2,370 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ 1,930 ಮೀಟರ್. ಅಲ್ಲಿ ನೀರು ಸುಮಾರು 92 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಲು ಬಹಳ ಹೊತ್ತು ಹಿಡಿಯುತ್ತದೆ. ಪ್ರೆಷರ್ ಕುಕ್ಕರ್ ಅನಿವಾರ್ಯ. ಅದಕ್ಕೂ ಮನೆಗಿಂತ ಒಂದೆರಡು ಕೂಗು ಹೆಚ್ಚು ಬೇಕಾದೀತು. ಹೆಚ್ಚುವರಿ ಗ್ಯಾಸ್ಕೆಟ್ ಇಟ್ಟುಕೊಂಡವರು ಜಾಣರು. ಮೂರು ಲೀಟರಿನ ಒಂದು ಕುಕ್ಕರ್, ಒಂದು ಬಾಣಲೆ, ಒಂದು ತವೆ, ತಲಾ ಒಂದು ತಟ್ಟೆ-ಲೋಟ ಮೀರಿದರೆ ತೊಳೆಯುವ ನೀರಿಗೆ ಗ್ರೇ ತೊಟ್ಟಿ ಸಾಲುವುದಿಲ್ಲ. ಹುರಿದ ರವೆ, ಅವಲಕ್ಕಿ, ಪುಳಿಯೋಗರೆ ಗೊಜ್ಜು, ಸಾರಿನಪುಡಿ ಭಾರದಲ್ಲೂ ಹಗುರ, ಕೆಲಸದಲ್ಲೂ ಹಗುರ.

ಒಣಮೆಣಸಿನಕಾಯಿ ಒಗ್ಗರಣೆ ಹಾಕಿದೊಡನೆ ಹೊಗೆಯ ಅಲಾರಂ ಕೂಗುವುದು ಬಹುತೇಕ ಖಚಿತ. ಆಗ ಮಾಡಬೇಕಾದದ್ದು ಫ್ಯಾನ್ ಹಾಕಿ ಕಿಟಕಿ ತೆರೆಯುವುದು. ಅಲಾರಮ್ಮಿನ ಬ್ಯಾಟರಿ ಕಿತ್ತಿಡುವುದು ಪ್ರಾಣಕ್ಕೆ ಎರವಾಗಬಲ್ಲದು. ಇಷ್ಟು ಚಿಕ್ಕ ಕೋಣೆಯಲ್ಲಿ ಉರಿಯುವ ಗ್ಯಾಸಿನಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಂತೆಯೇ ಉಳಿಯುತ್ತಾರೆ. ಯೆಲ್ಲೋಸ್ಟೋನ್‌ನಲ್ಲಿ ಜುಲೈ ರಾತ್ರಿಯೂ ಕೆಲವೊಮ್ಮೆ ನೀರು ಹೆಪ್ಪುಗಟ್ಟುವ ಚಳಿಗೆ ಇಳಿಯುತ್ತದೆ. ಚಳಿಯೆಂದು ಅಡುಗೆ ಒಲೆ ಹಚ್ಚಿಟ್ಟು ಮಲಗುವುದು ಅತ್ಯಂತ ಅಪಾಯಕಾರಿ. ಟ್ರೇಲರ್‌ಗೆಂದೇ ಅಳವಡಿಸಿದ ಹೀಟರ್ ಇರುತ್ತದೆ, ಜೊತೆಗೆ ಕಂಬಳಿ, ಉಣ್ಣೆಯ ಟೋಪಿ, ಕಾಲುಚೀಲ ಒಯ್ಯಬೇಕು. ಕಾರ್ಬನ್ ಮಾನಾಕ್ಸೈಡ್, ಹೊಗೆ ಮತ್ತು ಗ್ಯಾಸ್ ಸೋರಿಕೆಯ ಅಲಾರಂಗಳ ಗುಂಡಿ ಒತ್ತಿ ಪರೀಕ್ಷಿಸದೆ, ಅಗ್ನಿಶಾಮಕ ಎಲ್ಲಿದೆಯೆಂದು ನೋಡಿಕೊಳ್ಳದೆ ವಾಹನವನ್ನು ವಶಕ್ಕೆ ಪಡೆಯಬಾರದು. ಬಿಡಿ ಬ್ಯಾಟರಿಗಳು ಪಟ್ಟಿಯಲ್ಲಿರಲಿ.

ಎತ್ತರದ ತೆಳು ಗಾಳಿಯಲ್ಲಿ ಮೊದಲ ದಿನ ತಲೆನೋವು, ಏದುಸಿರು ಸಹಜ. ಹೃದಯ ಅಥವಾ ಶ್ವಾಸಕೋಶದ ತೊಂದರೆಯಿರುವ ಹಿರಿಯರು ಹೊರಡುವ ಮುನ್ನವೇ ವೈದ್ಯರನ್ನು ಕಾಣಬೇಕು. ಉದ್ಯಾನದ ಬಹುಭಾಗದಲ್ಲಿ ಮೊಬೈಲ್ ಸಂಪರ್ಕ ಸಿಗುವುದಿಲ್ಲವಾದ್ದರಿಂದ ಮಾತ್ರೆಗಳ ಹೆಸರು, ಪ್ರಮಾಣ ಕಾಗದದ ಮೇಲೆ ಬರೆದಿರಲಿ. ನಕ್ಷೆಯೂ ಕಾಗದದ್ದೇ ಇರಲಿ.

ಕರಡಿಯ ಮೂಗಿಗೆ ಒಗ್ಗರಣೆಯಷ್ಟೇ ಟೂತ್‌ಪೇಸ್ಟ್ ಕೂಡ ಆಹಾರ. ತಿಂಡಿ, ಕಸ, ಖಾಲಿ ಪಾತ್ರೆ ಯಾವುದನ್ನೂ ಹೊರಗಿನ ಮೇಜಿನ ಮೇಲೆ ಬಿಡುವಂತಿಲ್ಲ. ಕರಡಿ, ತೋಳಗಳಿಂದ ಕನಿಷ್ಠ 91 ಮೀಟರ್, ಕಾಡೆಮ್ಮೆಯಂಥ ಬೈಸನ್ ಮತ್ತಿತರ ಪ್ರಾಣಿಗಳಿಂದ 23 ಮೀಟರ್ ದೂರ ನಿಲ್ಲಬೇಕೆಂಬುದು ನಿಯಮ. ಕಾಲುದಾರಿಯಲ್ಲಿ ನಡೆಯುವವರು ಕರಡಿಗೆ ಎರಚುವ ಮೆಣಸಿನ ಸ್ಪ್ರೇ ಇಟ್ಟುಕೊಳ್ಳುತ್ತಾರೆ. ಅದನ್ನು ವಿಮಾನದಲ್ಲಿ ಒಯ್ಯಲಾಗದು, ಅಲ್ಲಿಯೇ ಕೊಳ್ಳಬೇಕು. ಬೈನಾಕ್ಯುಲರ್ ಇದ್ದರೆ ನಿಯಮ ಮುರಿಯುವ ಆಸೆಯೂ ತಗ್ಗುತ್ತದೆ.

ಕಿಸೆಯ ವಿಷಯವನ್ನೂ ಹೇಳಬೇಕು. 2026ರ ಜನವರಿ 1ರಿಂದ ಯೆಲ್ಲೋಸ್ಟೋನ್ ಸೇರಿದಂತೆ 11 ರಾಷ್ಟ್ರೀಯ ಉದ್ಯಾನಗಳಲ್ಲಿ ಅಮೆರಿಕದ ನಿವಾಸಿಗಳಲ್ಲದ, 16 ವರ್ಷ ಮೇಲ್ಪಟ್ಟ ಪ್ರವಾಸಿಗರಿಗೆ ಪ್ರವೇಶ ಶುಲ್ಕದ ಮೇಲೆ ತಲಾ 100 ಡಾಲರ್ ಹೆಚ್ಚುವರಿ ವಿಧಿಸುವ ನಿಯಮ ಜಾರಿಗೆ ಬಂದಿದೆ. ಅನಿವಾಸಿಗಳಿಗೆ 250 ಡಾಲರ್‌ನ ವಾರ್ಷಿಕ ಪಾಸ್ ಕೂಡ ಇದೆ. ಅಲ್ಲಿಯೇ ನೆಲೆಸಿರುವ ಮಕ್ಕಳು ತಮ್ಮ ಅಮೆರಿಕದ ಗುರುತಿನ ಚೀಟಿ ಮರೆಯದಿರಲಿ.

ಹೊರಡುವ ದಿನ ಬೆಳಿಗ್ಗೆ ಕೊಂಡಿಯ ಕೀಲು, ಅಡ್ಡಡ್ಡವಾಗಿ ಬಿಗಿದ ಎರಡು ಸರಪಳಿ, ವಾಹನಗಳು ಬೇರ್ಪಟ್ಟರೆ ತಾನಾಗಿ ಬ್ರೇಕ್ ಹಾಕುವ ತಂತಿ, ಹಿಂದಿನ ದೀಪಗಳನ್ನು ಒಬ್ಬರು ನೋಡಿ, ಇನ್ನೊಬ್ಬರು ಮತ್ತೆ ನೋಡಬೇಕು. ಫ್ರಿಜ್ಜನ್ನು ಹಿಂದಿನ ರಾತ್ರಿಯೇ ಚಾಲೂ ಮಾಡಿರಬೇಕು. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ವಾಹನಕ್ಕೆ ಗರಿಷ್ಠ ವೇಗ ಗಂಟೆಗೆ 55 ಮೈಲಿ, ಯೆಲ್ಲೋಸ್ಟೋನ್‌ನ ಒಳಗೆ ಎಲ್ಲರಿಗೂ 45. ಮೊದಲ 50 ಮೈಲಿ ಕಳೆದ ಮೇಲೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಿ, ಒಳಗೆ ಯಾವ ಕಪಾಟು ತೆರೆದುಕೊಂಡಿದೆ, ಯಾವ ಡಬ್ಬಿ ಉರುಳಿದೆ ಎಂದು ಪರಿಶೀಲಿಸಿ ಮುಂದುವರಿಯಬೇಕು.