ನಾಟಕದ ಪೇಟಿಯಿಂದ ಸಿನಿಮಾ ಹಾಡಿನವರೆಗೆ

ಅ.ನ. ಕೃಷ್ಣರಾಯರ ಕಾದಂಬರಿಯನ್ನು ಆಧರಿಸಿ 1966ರಲ್ಲಿ ತೆರೆಕಂಡ ‘ಸಂಧ್ಯಾರಾಗ’ ಚಿತ್ರದಲ್ಲಿ ಭೀಮಸೇನ ಜೋಶಿಯವರು ಹಾಡಿದ್ದನ್ನು ಶಾಸ್ತ್ರೀಯ ಗಾಯಕರೊಬ್ಬರು ಜನಪ್ರಿಯ ಸಂಗೀತದ ಕಡೆಗೆ ಇಟ್ಟ ಅಪರೂಪದ ಹೆಜ್ಜೆಯೆಂದು ಬಣ್ಣಿಸುವುದು ವಾಡಿಕೆಯಾಗಿದ್ದರೂ, ಅವರು ಬೆಳೆದ ಗದಗ ಸೀಮೆಯ ಸಂಗೀತದ ಚರಿತ್ರೆಯನ್ನು ಬಲ್ಲವರಿಗೆ ಅದು ಹಳೆಯ ದಾರಿಯೇ ಆಗಿ ಕಾಣುತ್ತದೆ.

ಆ ದಾರಿಯನ್ನು ಸವೆಸಿದ್ದು ಕಂಪನಿ ನಾಟಕ. ಶಾಂತಕವಿಗಳೆಂದು ಹೆಸರಾದ ಸಕ್ಕರಿ ಬಾಳಾಚಾರ್ಯರು 19ನೇ ಶತಮಾನದ ಉತ್ತರಾರ್ಧದಲ್ಲಿ ಗದಗಿನಲ್ಲಿ ಕಟ್ಟಿದ ಕೃತಪುರ ನಾಟಕ ಮಂಡಳಿ (ಕೃತಪುರವೆಂಬುದು ಗದಗಿನ ಹಳೆಯ ಹೆಸರು), ಆಮೇಲೆ ಬಂದ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಶಿರಹಟ್ಟಿ ವೆಂಕೋಬರಾಯರ ಕಂಪನಿ, ಇವೆಲ್ಲ ನಡೆದದ್ದು ರಂಗಗೀತೆಯ ಬಲದ ಮೇಲೆ. ರಂಗಗೀತೆಯೆಂದರೆ ಪಾತ್ರಧಾರಿಯೇ ಪೇಟಿ (ಹಾರ್ಮೋನಿಯಂ), ತಬಲಾಗಳ ಸಾಥಿನಲ್ಲಿ ಹಾಡುವ ಪದ. ಅದರ ಮಟ್ಟು ಎಷ್ಟೋ ಸಲ ಹಿಂದೂಸ್ತಾನಿ ಚೀಜಿನಿಂದ, ಅಂದರೆ ರಾಗವನ್ನು ಬೆಳೆಸಲು ಆಧಾರವಾಗುವ ಕಿರು ರಚನೆಯಿಂದ ಬಂದದ್ದಾಗಿರುತ್ತಿತ್ತು. ಹೀಗಾಗಿ ಲಕ್ಷ್ಮೇಶ್ವರ, ಮುಂಡರಗಿಗಳಂಥ ಊರುಗಳಲ್ಲಿ ರಾಗದ ರುಚಿ ಹತ್ತಿದ್ದಕ್ಕೆ ಬೈಠಕ್ಕಿಗಿಂತ ನಾಟಕದ ಥೇಟರಿಗೇ ಹೆಚ್ಚಿನ ಪಾಲು ಸಲ್ಲಬೇಕು. ಭೀಮಸೇನರ ಗುರು, ಕುಂದಗೋಳದ ರಾಮಭಾವುಗಳಿಗೆ ‘ಸವಾಯಿ ಗಂಧರ್ವ’ ಎಂಬ ಬಿರುದು ದೊರೆತದ್ದೂ ಮರಾಠಿ ರಂಗಭೂಮಿಯಲ್ಲೇ ಎಂಬುದನ್ನು ಹಿಂದೂಸ್ತಾನಿ ಗಾಯನಪ್ರಕಾರವಾದ ಖಯಾಲಿನ ಶುದ್ಧಿಯ ಬಗ್ಗೆ ಮಾತನಾಡುವವರು ಮರೆಯುವುದುಂಟು.

ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಂಗೀತ, ನಾಟಕಗಳ ಈ ನಂಟು ಅನ್ನದ ಪ್ರಶ್ನೆಯೂ ಆಗಿತ್ತು. ಪಂಚಾಕ್ಷರ ಗವಾಯಿಗಳ (1892–1944) ನಂತರ ಆಶ್ರಮದ ಹೊಣೆ ಹೊತ್ತ ಪುಟ್ಟರಾಜ ಗವಾಯಿಗಳು ಅಂಧ ಹಾಗೂ ಬಡ ಮಕ್ಕಳ ಊಟ, ಪಾಠಗಳಿಗಾಗಿ ನಾಟಕ ಕಂಪನಿ ನಡೆಸಿದರು, ತಾವೇ ನಾಟಕಗಳನ್ನೂ ಬರೆದರು.

ಇನ್ನು ಸಿನಿಮಾಕ್ಕೆ ಬಂದರೆ, ಭೀಮಸೇನರು ‘ಸಂಧ್ಯಾರಾಗ’ಕ್ಕೂ ಮೊದಲು 1956ರಲ್ಲಿಯೇ ಹಿಂದಿಯ ‘ಬಸಂತ್ ಬಹಾರ್’ ಚಿತ್ರದಲ್ಲಿ ಮನ್ನಾ ಡೇ ಅವರೊಂದಿಗೆ ಹಾಡಿದ್ದರು. ಆ ಹಾಡಿನ ಸ್ಪರ್ಧೆಯಲ್ಲಿ ಕಥೆಯ ಪ್ರಕಾರ ಗೆಲ್ಲಬೇಕಾದದ್ದು ಮನ್ನಾ ಡೇ ಅವರ ಕಂಠ! ‘ಸಂಧ್ಯಾರಾಗ’ದಲ್ಲಿ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶರು ಭೀಮಸೇನರಿಗೂ ಕರ್ನಾಟಕ ಸಂಗೀತದ ಬಾಲಮುರಳಿಕೃಷ್ಣರಿಗೂ ಒಂದೇ ಚಿತ್ರದಲ್ಲಿ ಎಡೆ ಮಾಡಿಕೊಟ್ಟರು.

1995ರ ಪಂಚಾಕ್ಷರ ಗವಾಯಿಗಳ ಜೀವನಚಿತ್ರದಲ್ಲಿ ಪಯಣ ತಿರುವುಮುರುವಾಯಿತು: ಸಿನಿಮಾದ ಹಂಸಲೇಖ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಇಬ್ಬರೂ ಗವಾಯಿಗಳ ಸಂಗೀತಲೋಕಕ್ಕೆ ಬಂದು, ಸಂಗೀತ ನಿರ್ದೇಶನ ಮತ್ತು ಹಿನ್ನೆಲೆ ಗಾಯನಗಳಿಗೆ ರಾಷ್ಟ್ರಪ್ರಶಸ್ತಿ ಪಡೆದರು.